ಹದಿನೇಳನೆಯ ಸಾಲು

ಮಾರ್ಚ್ ೩, ಮಂಗಳವಾರ

ಡಯಾಲಿಸಿಸ್ ವಾರ್ಡಿನ ನರ್ಸಮ್ಮ ಈ ಪುಸ್ತಕ ಕೊಟ್ಟಳು. ದಿನಕ್ಕೆ ಎಷ್ಟು ನೀರು ಕುಡಿದೆ, ತೂಕ ಎಷ್ಟು, ಎರಡನ್ನೂ ಬರೆದು ತರಬೇಕಂತೆ. ಎರಡು ಅಂಕಿಗೆ ಇನ್ನೂರು ಪುಟ! ಮುಂದಿನಿಂದ ಅಂಕಿ ಅವಳಿಗೆ, ಹಿಂದಿನಿಂದ ಮಾತು ನನಗೆ ಎಂದು ಪಾಲು ಮಾಡಿಕೊಂಡಿದ್ದೇನೆ. ಮನೆಯಲ್ಲಿ ಮಾತಾಡಿದರೆ ಹೆಂಡತಿ ಅಳುತ್ತಾಳೆ, ಅಂಗಡಿಯಲ್ಲಿ ಮಾತಾಡಿದರೆ ಗಿರಾಕಿಗಳು ಅಯ್ಯೋ ಪಾಪ ಎನ್ನುತ್ತಾರೆ. ಪುಸ್ತಕ ಎರಡನ್ನೂ ಮಾಡುವುದಿಲ್ಲ.

ಕಿಡ್ನಿ ಕೆಟ್ಟು ನಾಲ್ಕು ತಿಂಗಳಾಯಿತು. ಮೂವತ್ತು ವರ್ಷ ಊರಿನವರ ಬೀಗಗಳಿಗೆಲ್ಲ ಕೀಲಿಕೈ ಮಾಡಿಕೊಟ್ಟವನು ಈಗ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಎಡಗೈ ಚಾಚಿ ಕುರ್ಚಿಯಲ್ಲಿ ಒರಗಿರುತ್ತೇನೆ. ಮೈಯ ರಕ್ತವೆಲ್ಲ ಒಂದು ಸುತ್ತು ಹೊರಗೆ ಹೋಗಿ ತೊಳೆಸಿಕೊಂಡು ಬರುತ್ತದೆ. ಮೊಣಕೈ ಬಳಿ ರಕ್ತನಾಳ ಕೂಡಿಸಿ ಹೊಲಿದ ಕಡೆ ಬೆರಳಿಟ್ಟರೆ ಝುಮ್ಮೆನ್ನುತ್ತದೆ, ಕೀಲಿ ಕೊರೆಯುವ ಮಶಿನ್ ಖಾಲಿ ತಿರುಗುವಾಗ ಮುಟ್ಟಿದ ಹಾಗೆ.

ಇವತ್ತು ನನ್ನ ಕುರ್ಚಿ ಬದಲಾಯಿಸಿದರು. ಆ ಪಕ್ಕ ಒಬ್ಬ ರಿಟೈರಾದ ಬಸ್ ಡ್ರೈವರ್, ಕೂತಲ್ಲೇ ಹಾರ್ನ್ ಹೊಡೆಯುವಷ್ಟು ದೊಡ್ಡ ಗಂಟಲು. ಈ ಪಕ್ಕ ಒಬ್ಬ ಅಜ್ಜಿ. ತೊಡೆಯ ಮೇಲೆ ಕಪ್ಪು ರಟ್ಟಿನ ಸಣ್ಣ ಪುಸ್ತಕ. ನಾನು ಕೂತು ಸೂಜಿ ಚುಚ್ಚಿಸಿಕೊಂಡಿದ್ದೇ ತಡ, ಪೆನ್ನು ತೆಗೆದಳು.

"ನಿನ್ನ ಏನಂತ ಬರ್ಕೊಳ್ಳಲಿ ಕಣಪ್ಪಾ?"

"ಎಲ್ಲಿ?"

"ಪಟ್ಟೀಲಿ. ನಾಲ್ಕು ಗಂಟೆ ಸುಮ್ನೆ ಕೂತಿರ್ತೀನಲ್ಲ, ಒಬ್ಬೊಬ್ಬರನ್ನೇ ಹೇಳಿ ದೇವರ ಹತ್ರ ಕೇಳ್ಕೊಳ್ತೀನಿ."

ನನ್ನನ್ನು ಏನಂತಲೂ ಬರೆದುಕೊಳ್ಳಬೇಡಿ ಎಂದು ಕಡ್ಡಿ ಮುರಿದಂತೆ ಹೇಳಿದೆ. ದೇವರೂ ನಾನೂ ಮಾತು ಬಿಟ್ಟು ಆರು ವರ್ಷವಾಯಿತು ಎಂದೂ ಸೇರಿಸಿದೆ. ಮುನಿಸಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಇಲ್ಲ. "ಆಯ್ತಪ್ಪಾ, ಬೇಡ ಅಂದೋರನ್ನ ನಾನು ಬರೆಯಲ್ಲ" ಎಂದು ಪುಸ್ತಕ ಮಡಚಿ ಕಣ್ಣು ಮುಚ್ಚಿದಳು.

ನೀರು: ೯೫೦ ಮಿಲಿ.

ಮಾರ್ಚ್ ೫, ಗುರುವಾರ

ಮಧ್ಯಾಹ್ನ ಎರಡೂವರೆಗೆ ವಾರ್ಡಿನ ಟೀವಿಯಲ್ಲಿ ಸೀರಿಯಲ್. ಅದರ ಹುಡುಗಿಗೂ ಈಗ ಕಿಡ್ನಿ ಹೋಗಿದೆ. ನಮ್ಮವರೆಲ್ಲ ಸ್ವಂತ ಮಗಳಿಗೆ ಬಂದ ಹಾಗೆ ಕಣ್ಣರಳಿಸಿ ನೋಡುತ್ತಾರೆ. ನಾನು ನೋಡುವುದಿಲ್ಲ, ಟೀವಿ ನನ್ನ ಎದುರಿಗೇ ಇದೆ, ಅಷ್ಟೇ.

ಇವತ್ತು ಆ ಹುಡುಗಿಯ ಡಯಾಲಿಸಿಸ್ ಒಂದು ಹಾಡಿನಲ್ಲಿ ಮುಗಿದುಹೋಯಿತು. ತಲೆ ಬಾಚಿದ್ದು ಬಾಚಿದ ಹಾಗೇ ಇತ್ತು. ಆಮೇಲೆ ಅವಳ ಚಿಕ್ಕಪ್ಪ ದೊಡ್ಡ ಲೋಟದ ತುಂಬ ಹಣ್ಣಿನ ರಸ ತಂದು ಕೈಗಿಟ್ಟ. ಇಡೀ ವಾರ್ಡು ಒಂದೇ ಸಲ ಕೂಗಿತು: "ಕುಡೀಬೇಡಮ್ಮಾ!" ನಮಗೆ ದಿನಕ್ಕೆ ಒಂದು ಲೀಟರ್ ನೀರು, ಅದರ ಮೇಲೆ ಒಂದು ಗುಟುಕಾದರೂ ನರ್ಸಮ್ಮ ತಕ್ಕಡಿಯಲ್ಲಿ ಹಿಡಿಯುತ್ತಾಳೆ. ಹಣ್ಣಿನ ರಸವೆಂದರೆ ಎದೆಬಡಿತಕ್ಕೇ ಕುತ್ತು. ಆ ಹುಡುಗಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ನಕ್ಕಳು.

"ಮುಗೀತು ಇವಳ ಕಥೆ, ಶನಿವಾರ ಬರಲ್ಲ ಇವಳು!" ಎಂದ ಡ್ರೈವರ್.

ಅಜ್ಜಿ ಪುಸ್ತಕ ತೆಗೆದು ಬರೆಯತೊಡಗಿದಳು. ಯಾರನ್ನು ಎಂದು ನೋಡಿದರೆ, 'ಸೀರಿಯಲ್ ಹುಡುಗಿ'.

"ಅಜ್ಜಿ, ಅದು ಕಥೆ. ಅಂಥಾ ಹುಡುಗೀನೇ ಇಲ್ಲ."

"ಕಥೇಲಿರೋರಿಗೆ ಬಾಯಾರಲ್ವೇನೋ?"

ಮತ್ತೆ ಟೀವಿಯ ಕಡೆ ತಿರುಗಿದೆ.

ನೀರು: ೧೦೦೦.

ಮಾರ್ಚ್ ೮, ಭಾನುವಾರ

ನಿನ್ನೆ ಕಿಟಕಿ ಪಕ್ಕದ ಕುರ್ಚಿ ಖಾಲಿಯಿತ್ತು. ಹಾಗೆ ಖಾಲಿಯಾದ ಕುರ್ಚಿಯ ಬಗ್ಗೆ ವಾರ್ಡಿನಲ್ಲಿ ಯಾರೂ ಏನೂ ಕೇಳುವುದಿಲ್ಲ.

ಬೆಳಿಗ್ಗೆ ಹೆಂಡತಿ ಟೀ ಲೋಟ ಇಟ್ಟು, ಎದುರಿಗೆ ಕೂತು, ಸೆರಗಿನ ತುದಿ ಸುತ್ತತೊಡಗಿದಳು. ಹಾಗೆ ಸುತ್ತಿದರೆ ಏನೋ ಇದೆ ಎಂದೇ ಅರ್ಥ.

"ನಿಮ್ಮ ತಂಗೀದೂ ನಿಮ್ದೇ ಬ್ಲಡ್ ಗ್ರೂಪ್ ಅಂತೆ ರೀ. ಒಂದು ಕಿಡ್ನಿ ಕೊಡ್ತೀನಿ ಅಂತಿದ್ದಾಳೆ."

"ಅವಳನ್ನ ಕೇಳಿದ್ದು ಯಾರು?"

"ನಾನೇ. ನನಗೆ ಸಕ್ಕರೆ ಕಾಯಿಲೆ, ನನ್ನದು ಆಗಲ್ಲ ಅಂದ್ರು. ಇನ್ಯಾರನ್ನ ಕೇಳಲಿ? ಆರು ವರ್ಷದಿಂದ ಮುಖ ತಿರುಗಿಸ್ಕೊಂಡಿರೋರು ನೀವು, ನಾನಲ್ಲವಲ್ಲ."

ಆಗುವುದಿಲ್ಲ ಎಂದೆ. ಅವಳು ಅತ್ತಳು. ನಾನು ಅಂಗಡಿಗೆ ಹೋದೆ. ಭಾನುವಾರ ಅಂಗಡಿ ಇಲ್ಲ ಎನ್ನುವುದು ಬೀದಿಗೆ ಬಂದ ಮೇಲೆ ನೆನಪಾಯಿತು.

ನನ್ನ ತಂಗಿ ಎದ್ದರೂ ಪ್ರಾರ್ಥನೆ, ಕೂತರೂ ಪ್ರಾರ್ಥನೆ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಮಂಚದ ಪಕ್ಕ ಪ್ರಾರ್ಥನೆಯ ಪುಸ್ತಕ ಹಿಡಿದು ಕೂತವಳು ಎದ್ದದ್ದು ಎಲ್ಲ ಮುಗಿದ ಮೇಲೆ. ಅವತ್ತು ನೆಂಟರೆಲ್ಲರ ಎದುರು ನಾನು ಹೇಳಿದೆ: "ಡಾಕ್ಟರನ್ನ ಕೂಗೋ ಹೊತ್ತಲ್ಲಿ ದೇವರನ್ನ ಕೂಗ್ತಾ ಕೂತೆ. ನಿನ್ನ ಪ್ರಾರ್ಥನೇನೇ ಅಮ್ಮನ್ನ ಕೊಂದಿದ್ದು." ತಂಗಿ ತುಟಿ ಪಿಟಕ್ಕೆನ್ನಲಿಲ್ಲ. ಅದೇ ಕೊನೆ. ನಾನು ಹೇಳಿದ್ದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಅಂಥವಳ ಉಪಕಾರ ನನಗೆ ಬೇಕಾಗಿಲ್ಲ.

ಮಶಿನ್ ಮೇಲೆ ಎಷ್ಟು ದಿನ ಎಂದು ಡಾಕ್ಟರ್ ಹೇಳುವುದಿಲ್ಲ. ನನ್ನ ಎದೆ ದುರ್ಬಲವಾಗುತ್ತಿದೆ, ಕಾಯುವುದು ಒಳ್ಳೆಯದಲ್ಲ ಎಂದಷ್ಟೇ ಹೇಳಿದ್ದಾರೆ. ಹಲ್ಲು ಕೊರೆಯದ ಹಿತ್ತಾಳೆ ಕೀಲಿಗಳನ್ನು ವರ್ಷಕ್ಕಾಗುವಷ್ಟು ಒಟ್ಟಿಗೆ ತರಿಸುತ್ತಿದ್ದೆ. ಈ ಸಲ ಎರಡು ತಿಂಗಳಿಗೆ ಸಾಕು ಎಂದೆ.

ನೀರು: ೧೧೦೦.

ಮಾರ್ಚ್ ೧೨, ಗುರುವಾರ

ತೂಕ ಹೆಚ್ಚು. ನರ್ಸಮ್ಮ ಬೈದಳು. ಬರೆಯಲು ಏನೂ ಇಲ್ಲ.

ನೀರು: ೧೩೦೦. ಸೆಕೆ. ಏನು ಮಾಡಲಿ.

ಮಾರ್ಚ್ ೧೭, ಮಂಗಳವಾರ

ಸೀರಿಯಲ್ ಹುಡುಗಿ ಹಣ್ಣಿನ ರಸ ಕುಡಿದೂ ಸಾಯಲಿಲ್ಲ. ಡ್ರೈವರ್‌ಗೆ ಇದು ಸಹಿಸಲಾಗದ ಅನ್ಯಾಯ. "ನಾವಿಲ್ಲಿ ಬಾಯಿಗೆ ಬೀಗ ಹಾಕ್ಕೊಂಡು ಸಾಯ್ತಿದೀವಿ, ಅವಳು ಲೋಟದ ಮೇಲೆ ಲೋಟ ಏರಿಸ್ತಾಳೆ. ಕೀಲಿ ಯಜಮಾನ್ರೇ, ನಿಮ್ಮ ಬಾಯಿ ಅರ ಇದ್ದ ಹಾಗಿದೆ, ನೀವೇ ಟೀವಿಯೋರಿಗೊಂದು ಕಾಗದ ಬರೀರಿ!" ಎಂದ. ಎಲ್ಲರೂ ಹೂಂ ಎಂದರು. ನರ್ಸಮ್ಮ ಹಾಳೆ ತಂದೇಬಿಟ್ಟಳು.

ಬಲಗೈ ಬಿಡುವಾಗಿತ್ತು, ಬರೆದೆ. ನಕಲು ಇಲ್ಲಿರಲಿ:

'ಮಾನ್ಯರೇ, ನಾವು ಹನ್ನೊಂದು ಜನ ವಾರಕ್ಕೆ ಮೂರು ದಿನ ನಿಮ್ಮ ಸೀರಿಯಲ್ ನೋಡುತ್ತೇವೆ. ಎದ್ದು ಹೋಗಲು ಆಗದವರಾದ್ದರಿಂದ ನಮ್ಮಷ್ಟು ನಿಷ್ಠೆಯ ವೀಕ್ಷಕರು ನಿಮಗೆ ಬೇರೆಲ್ಲೂ ಸಿಗಲಾರರು. ನಿಮ್ಮ ಹುಡುಗಿಯ ಬ್ಯಾಂಡೇಜ್ ಪಟ್ಟಿ ಒಂದು ದಿನ ಎಡಗೈಗೆ, ಒಂದು ದಿನ ಬಲಗೈಗೆ ಇರುತ್ತದೆ. ಅವಳ ತೂಕವನ್ನು ಈತನಕ ಯಾರೂ ನೋಡಿಲ್ಲ. ಅವಳಿಗೆ ಹಣ್ಣಿನ ರಸ ಕೊಡುವ ಚಿಕ್ಕಪ್ಪ ಒಳ್ಳೆಯವನೆಂದು ನೀವು ತೋರಿಸುತ್ತಿದ್ದೀರಿ. ನಮ್ಮ ಲೆಕ್ಕದಲ್ಲಿ ಅವನೇ ಕೊಲೆಗಾರ. ದಯವಿಟ್ಟು ಅವಳ ನೀರನ್ನು ಅಳೆದು ಕೊಡಿ. ಅವಳು ಬದುಕಬೇಕೆಂಬುದು ನಮ್ಮೆಲ್ಲರ ಆಸೆ.'

ಕೊನೆಯ ಸಾಲು ಅಜ್ಜಿ ಹೇಳಿ ಬರೆಸಿದ್ದು. ಎಲ್ಲರೂ ಬಲಗೈಯಲ್ಲಿ ಸಹಿ ಹಾಕಿದರು. ಇಬ್ಬರಿಗೆ ಬಲಗೈಗೇ ಸೂಜಿ, ಅವರು ಎಡಗೈಯಲ್ಲಿ ಗೀಚಿದರು. ನಾಲ್ಕು ಗಂಟೆ ಹೇಗೆ ಹೋಯಿತೋ ತಿಳಿಯಲಿಲ್ಲ.

ಮಾರ್ಚ್ ೨೮, ಶನಿವಾರ

ಅಜ್ಜಿಯ ಕನ್ನಡಕ ಕೆಳಗೆ ಬಿತ್ತು. ಎತ್ತಿಕೊಡಲು ನರ್ಸಮ್ಮ ಬರುವವರೆಗೂ, ಅವಳು ಹಿಡಿದುಕೊಳ್ಳಲು ಕೊಟ್ಟ ಪುಸ್ತಕ ನನ್ನ ಕೈಯಲ್ಲಿತ್ತು. ಮೂಗು ತೂರಿಸುವ ಸ್ವಭಾವ ನನ್ನದಲ್ಲ, ಆದರೆ ಕಣ್ಣ ಮುಂದಿದ್ದದ್ದನ್ನು ಓದದಿರಲು ನಾನೇನು ಕುರುಡನೇ?

ಯಾರದೂ ಹೆಸರಿಲ್ಲ. 'ಮಹಡಿ ಮನೆ ಕೆಮ್ಮಿನವಳು', 'ಹಾಲಿನವನ ಬೆನ್ನು', 'ಮಾತು ಬಾರದ ಮಗು, ಮೂಲೆ ಮನೆ'. ಹೆಸರು ಯಾಕೆ ಬರೆಯಲಿಲ್ಲ ಎಂದರೆ, ಒಂದೇ ಹೆಸರಿನವರು ಎಷ್ಟೋ ಜನರಿರುತ್ತಾರಂತೆ, ದೇವರಿಗೆ ಗೊಂದಲವಾಗಬಾರದಂತೆ. ವರ್ಷಕ್ಕೊಂದು ಹೊಸ ಪುಸ್ತಕಕ್ಕೆ ಪಟ್ಟಿಯನ್ನು ನಕಲು ಮಾಡಿಕೊಳ್ಳುತ್ತಾಳಂತೆ.

"ನಕಲಿನ ನಕಲು ತೆಗೀತಾ ಹೋದ್ರೆ ಹಲ್ಲು ಸವೆಯುತ್ತೆ ಅಜ್ಜಿ. ಕೊನೆಗೆ ಯಾವ ಬೀಗಕ್ಕೂ ಕೂರಲ್ಲ."

"ಬೀಗ ಅವನ ಹತ್ರ ಇದೆ. ಅವನು ಸರಿಮಾಡ್ಕೋತಾನೆ ಬಿಡು."

ಕಿಟಕಿ ಪಕ್ಕದ ಕುರ್ಚಿಯವರೂ ಪಟ್ಟಿಯಲ್ಲಿದ್ದರು. ಹೋದವರನ್ನು ಯಾಕೆ ಹೊಡೆದುಹಾಕಿಲ್ಲ ಎಂದು ಕೇಳಿದೆ. "ಅವರೇನು ಬೇಡ ಅಂದಿಲ್ಲವಲ್ಲ" ಎಂದಳು. ನನ್ನ ಕಡೆ ನೋಡಲಿಲ್ಲ.

ಹದಿನಾರನೆಯ ಸಾಲಿನಲ್ಲಿ 'ಡ್ರೈವರ್, ಮಂಡಿಯೂ ಸೇರಿ'. ಹದಿನೆಂಟರಲ್ಲಿ 'ಸೀರಿಯಲ್ ಹುಡುಗಿ'. ನಡುವೆ ಹದಿನೇಳು ಎಂದು ಬರೆದು ಮುಂದೆ ಖಾಲಿ. ಪಾಪ, ಕಣ್ಣು ಮಂದ, ಸಾಲು ಹಾರಿಸಿದ್ದಾಳೆ. ಹೇಳಿ ಬೇಜಾರು ಮಾಡುವುದು ಯಾಕೆಂದು ಹೇಳಲಿಲ್ಲ.

ಟೀವಿಯಲ್ಲಿ ಬರುವವಳು ಕೂಡ ಪಟ್ಟಿಯಲ್ಲಿದ್ದಾಳೆ, ಹಾಲಿನವನ ಬೆನ್ನು ಕೂಡ ಇದೆ. ನಾನಿಲ್ಲ. ಬೇಡ ಎಂದವನು ನಾನೇ, ಆದ್ದರಿಂದ ಅದು ಸರಿಯಾಗಿಯೇ ಇದೆ.

ನೀರು: ೯೦೦.

ಏಪ್ರಿಲ್ ೯, ಗುರುವಾರ

ಇವತ್ತು ಸೀರಿಯಲ್‌ನಲ್ಲಿ ದೊಡ್ಡ ರಾದ್ಧಾಂತ. ನಾನೂರು ಕಂತು ಆ ಹುಡುಗಿಗೆ ಕಾಟ ಕೊಟ್ಟ ಅತ್ತೆ, ಮನಸ್ಸು ಕರಗಿ, ತನ್ನ ಕಿಡ್ನಿ ಕೊಡುತ್ತೇನೆಂದು ಬಾಗಿಲಿಗೆ ಬಂದಳು. ಹುಡುಗಿ ಏನು ಮಾಡಿದಳು? "ನಿಮ್ಮ ಉಪಕಾರ ನನಗೆ ಬೇಡ" ಎಂದು ಬಾಗಿಲು ಹಾಕಿಕೊಂಡಳು! ಹಿಂದೆ ಸಂಗೀತ ಬೇರೆ.

ವಾರ್ಡಿನಲ್ಲಿ ಎಲ್ಲರಿಗಿಂತ ಮೊದಲು ಬೈದವನು ನಾನೇ. ಇಲ್ಲಿ ಹನ್ನೊಂದು ಜನ ಕೊಡುವವರು ಸಿಕ್ಕರೆ ಸಾಕೆಂದು ಕಾದು ಕೂತಿರುವಾಗ ಇವಳಿಗೆ ಈ ಪರಿ ಕೊಬ್ಬೇ! ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ಊಟದ ಹೊತ್ತಿನಲ್ಲಿ ಹೆಂಡತಿಗೆ ಇಡೀ ಕಂತು ಹೇಳಿದೆ.

"ಹಾಗಾದ್ರೆ ಅವಳು ಮಾಡಿದ್ದು ತಪ್ಪು ಅಂತೀರಾ?" ಎಂದಳು.

"ತಪ್ಪಲ್ದೆ ಮತ್ತೇನು? ಕೊಡೋಕೆ ಬಂದೋಳು ಎಷ್ಟು ನೊಂದ್ಕೊಂಡಿರ್ತಾಳೆ!"

ಹೆಂಡತಿ ಕೈ ತೊಳೆದು ಬಂದು ಫೋನನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು. ತಂಗಿಯ ನಂಬರು ತೆಗೆದಿಟ್ಟಿದ್ದಳು. ಇವಳಿಗೆ ಸೀರಿಯಲ್ಲಿಗೂ ಸಂಸಾರಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಎರಡೂ ಬೇರೆ ಬೇರೆ ವಿಷಯ ಎಂದೆ. ಹೇಗೆ ಬೇರೆ ಎಂದು ಕೇಳಿದಳು. ನಿದ್ದೆ ಬರುತ್ತಿದೆ ಎಂದು ಎದ್ದುಬಿಟ್ಟೆ.

ಏಪ್ರಿಲ್ ೧೪, ಮಂಗಳವಾರ

ಇವತ್ತು ಮೂರನೆಯ ಗಂಟೆಯಲ್ಲಿ ಬಿ.ಪಿ. ಇಳಿದುಹೋಯಿತು. ಮೊದಲು ಟೀವಿಯ ಸದ್ದು ದೂರ ಹೋಯಿತು, ಆಮೇಲೆ ಕಾಲು, ಆಮೇಲೆ ನಾನು. ಇಂಥ ಹೊತ್ತಿನಲ್ಲಿ ದೇವರು ಕಾಣುತ್ತಾನೆ ಎನ್ನುತ್ತಾರೆ. ನನಗೆ ಕಂಡದ್ದು ನರ್ಸಮ್ಮನ ಮೂಗಿನ ಹೊಳ್ಳೆಗಳು. ಕಾಲೆತ್ತಿ ಹಿಡಿದು, ಏನೋ ಚುಚ್ಚಿ, ಕೆನ್ನೆಗೆ ತಟ್ಟಿ ಎಬ್ಬಿಸಿದಳು. ಎಚ್ಚರವಾದಾಗ ಅಜ್ಜಿ ಬಲಗೈ ಚಾಚಿ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು.

"ನನಗೋಸ್ಕರ ಕೇಳ್ಕೊಂಡ್ರಾ ಅಜ್ಜಿ?" ಎಂದೆ. ಹೆದರಿಕೆಯನ್ನು ತಮಾಷೆ ಮಾಡಿ ಮುಚ್ಚೋಣವೆಂದು.

"ಇಲ್ಲಪ್ಪಾ. ನಿನ್ನ ಮಾತು ಮೀರಿಬಿಡೋಣ ಅನ್ನಿಸ್ತು. ಬಾಯಿವರೆಗೂ ಬಂತು. ಮೀರಲಿಲ್ಲ." ಅವಳ ಕಣ್ಣು ಒದ್ದೆಯಾಗಿತ್ತು. "ಅಂಗಿ ಹಿಡ್ಕೊಂಡೆ, ಅಷ್ಟೇ."

ಹೆದರಿದೆ. ಇಲ್ಲಿ ಯಾರೂ ಓದುವುದಿಲ್ಲವಲ್ಲ, ಬರೆಯುತ್ತೇನೆ: ತುಂಬ ಹೆದರಿದೆ. ಸಾಯಲು ನನಗೆ ಸ್ವಲ್ಪವೂ ಇಷ್ಟವಿಲ್ಲ.

ಏಪ್ರಿಲ್ ೨೦, ಸೋಮವಾರ

ಹನ್ನೊಂದು ಗಂಟೆಗೆ ಅಂಗಡಿಯಲ್ಲಿ ತಲೆ ಬಗ್ಗಿಸಿ ಅರ ಹಾಕುತ್ತಿದ್ದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ ಬಂತು. ಕಟ್ಟೆಯ ಮೇಲೆ ಒಂದು ಕೀಲಿಕೈ ಇಟ್ಟ ಕೈ, ಮಣಿಕಟ್ಟಿನ ಬಳಿ ಇಸ್ತ್ರಿಪೆಟ್ಟಿಗೆ ತಾಗಿದ ಕಲೆ. ಲಾಂಡ್ರಿಯಲ್ಲಿ ಇಪ್ಪತ್ತು ವರ್ಷ ದುಡಿದ ಕೈ. ತಲೆ ಎತ್ತುವ ಮೊದಲೇ ಗೊತ್ತಾಯಿತು.

"ಇದರದ್ದೊಂದು ನಕಲು ಬೇಕು" ಎಂದಳು ತಂಗಿ, ಯಾರೋ ಗಿರಾಕಿಯ ಹಾಗೆ. ಕೂದಲು ಅರ್ಧ ಬೆಳ್ಳಗಾಗಿದೆ.

ಕೀಲಿಯನ್ನು ಬೆಳಕಿಗೆ ಹಿಡಿದೆ. "ಇದೇ ನಕಲಿನ ನಕಲು. ಹಲ್ಲೆಲ್ಲ ಹೋಗಿದೆ. ಅಸಲಿ ಇಲ್ವಾ?"

"ಕಳ್ದೋಯ್ತು. ಸ್ವಲ್ಪ ಎತ್ತಿ ತಿರುಗಿಸಿದ್ರೆ ಇದರಲ್ಲೇ ತೆಗೆಯುತ್ತೆ."

"ನಕಲು ಯಾರಿಗೆ?"

"ಅತ್ತಿಗೆಗೆ. ನಾನು ಆಸ್ಪತ್ರೇಲಿರೋವಾಗ ಬೆಕ್ಕಿಗೆ ಹಾಲು ಹಾಕೋಕೆ."

"ನಾನಿನ್ನೂ ಒಪ್ಪಿಲ್ಲ."

"ಗೊತ್ತು. ನೀನು ಕೀ ಮಾಡು. ನೀನು ಒಪ್ಪೋ ತನಕ ಬೆಕ್ಕು ಉಪವಾಸ ಇರಲ್ಲ."

ಮಶಿನ್ ಹಾಕಿದೆ. ಅದರ ಕಿರ್ರೋ ಶಬ್ದದಲ್ಲಿ ಕೇಳಿಸದು ಎಂಬ ಧೈರ್ಯದಲ್ಲಿ ಹೇಳಿಬಿಟ್ಟೆ. ಈ ಪುಸ್ತಕದಲ್ಲೂ ಬರೆಯದೆ ಮುಚ್ಚಿಟ್ಟಿದ್ದ ಮಾತು. "ಅಮ್ಮನ ಕೊನೇ ಮೂರು ದಿನ ನಾನು ಆಸ್ಪತ್ರೆಗೆ ಬರಲೇ ಇಲ್ಲ."

"ಗೊತ್ತು" ಎಂದಳು. ಕೇಳಿಸಿತ್ತು. ಮಶಿನ್ ಆರಿಸಿದೆ.

"ಅಂಗಡಿ ಮುಚ್ಚಿ ಬರಬಹುದಿತ್ತು. ನೋಡೋಕೆ ಹೆದರಿಕೆ ಆಯ್ತು. ಗಿರಾಕಿ ಇದ್ದಾರೆ, ಕೆಲಸ ಇದೆ ಅಂತ ನನಗೆ ನಾನೇ ಸುಳ್ಳು ಹೇಳ್ಕೊಂಡು ಕೂತೆ. ಆಮೇಲೆ ಎಲ್ಲರ ಮುಂದೆ ನಿನ್ನ ಮೇಲೆ ಹಾಕಿದೆ. ಡಾಕ್ಟರು ಕೈ ಬಿಟ್ಟಾಗಿತ್ತು ಅಂತ ಗೊತ್ತಿತ್ತು ನನಗೆ."

ತಂಗಿ ಕಟ್ಟೆಯ ಮೇಲಿನ ಹಿತ್ತಾಳೆ ಪುಡಿಯನ್ನು ಬೆರಳಲ್ಲಿ ಒಂದು ಕಡೆ ಗುಡ್ಡೆ ಮಾಡಿದಳು. ಚಿಕ್ಕವಳಿದ್ದಾಗಲೂ ಹೀಗೇ ಮಾಡುತ್ತಿದ್ದಳು.

"ಅಮ್ಮ ದಿನಾ ಒಂದೇ ಕೇಳ್ತಿದ್ಲು, ಅಣ್ಣ. ಅಂಗಡಿ ತೆಗೆದಿದ್ದಾನಾ ಅಂತ. ತೆಗೆದಿದ್ದಾನೆ ಅಂದ್ರೆ ಸಾಕು, ಸಮಾಧಾನವಾಗಿ ಕಣ್ಣು ಮುಚ್ಕೊಳ್ತಿದ್ಲು. ನೀನು ಅಂಗಡಿ ಮುಚ್ಚಿ ಬಂದಿದ್ರೆ, ತನ್ನ ಹೊತ್ತು ಬಂತು ಅಂತ ಅವಳಿಗೆ ಅರ್ಥ ಆಗಿಬಿಡ್ತಿತ್ತು."

"ಇದನ್ನ ಅವತ್ತೇ ಯಾಕೆ ಹೇಳಲಿಲ್ಲ?"

"ನೀನು ಬೈತಿದ್ದೆ. ಬೈದು ಮುಗಿಸಲಿ ಅಂತ ಕಾದೆ. ಆರು ವರ್ಷ ಆಯ್ತು."

ನನಗೆ ನಗುವೂ ಅಳುವೂ ಒಟ್ಟಿಗೆ ಬಂದು ಕೆಮ್ಮಿದೆ. ನೀರು ಕುಡಿ ಎಂದು ಲೋಟ ಎತ್ತಿದವಳು, ನೆನಪಾಗಿ, "ಎಷ್ಟಾಯ್ತು ಇವತ್ತು?" ಎಂದು ಕೇಳಿದಳು. ಮುನ್ನೂರು ಎಂದೆ. ಎರಡು ಗುಟುಕು ಕೊಟ್ಟಳು.

ಹಲ್ಲು ಹೋದ ಕೀಲಿಯಿಂದ ಇನ್ನೊಂದು ಹಲ್ಲು ಹೋದ ಕೀಲಿ ಮಾಡಿಕೊಡಲು ನನ್ನ ಕೈ ಒಪ್ಪಲಿಲ್ಲ. "ನಡಿ, ಬೀಗಾನೇ ನೋಡಿ ಹೊಸದು ಮಾಡ್ತೀನಿ" ಎಂದು ಚೀಲ ತೆಗೆದುಕೊಂಡೆ, ಷಟರ್ ಎಳೆದೆ. ಸೋಮವಾರ ಹಾಡಹಗಲು. ಇಬ್ಬರು ಗಿರಾಕಿಗಳಾದರೂ ಬೈದುಕೊಂಡು ಹೋಗಿರುತ್ತಾರೆ. ಅವಳ ಮನೆಯ ಬಾಗಿಲ ಮುಂದೆ ಮೊಣಕಾಲೂರಿ ಕೂತು, ಬೀಗ ಬಿಚ್ಚಿ, ಕೈಯಲ್ಲೇ ಅರ ಹಾಕಿ ಎರಡು ಕೀಲಿ ಮಾಡಿದೆ. ಈಗ ಎತ್ತಿ ಹಿಡಿಯಬೇಕಿಲ್ಲ. ಬೆಕ್ಕು ಬೂದು ಬಣ್ಣದ್ದು, ನನ್ನನ್ನು ನೋಡಿ ಮುಖ ಗಂಟಿಕ್ಕಿತು.

ನೀರು ಬರೆಯಲು ಮರೆತೆ.

ಮೇ ೧೨, ಮಂಗಳವಾರ

ಪರೀಕ್ಷೆ, ಸ್ಕ್ಯಾನ್, ರಕ್ತ, ಮತ್ತೆ ರಕ್ತ. ತಂಗಿಯ ಕಿಡ್ನಿಗಳು ಚೆನ್ನಾಗಿವೆ, ಹೊಂದುತ್ತವೆ ಎಂದರು. ಅಂಗದಾನಕ್ಕೆ ಅನುಮತಿ ಕೊಡುವ ಸಮಿತಿಯ ಮುಂದೆಯೂ ಕೂತು ಬಂದೆವು. ನಿಮ್ಮಿಬ್ಬರ ನಡುವೆ ಹೇಗೆ ಎಂದು ಅವಳನ್ನು ಕೇಳಿದರಂತೆ. "ಜಗಳ ಆಡ್ತೀವಿ. ಒಡಹುಟ್ಟಿದೋರು ತಾನೇ" ಎಂದಳಂತೆ. ಅದನ್ನೇ ಬರೆದುಕೊಂಡರಂತೆ.

ಇವತ್ತು ಅಜ್ಜಿಯ ಕುರ್ಚಿ ಖಾಲಿ. ಖಾಲಿ ಕುರ್ಚಿಯ ಬಗ್ಗೆ ಕೇಳಬಾರದೆಂಬ ಕಟ್ಟಳೆ ಮುರಿದು ಕೇಳಿದೆ. ಎದೆಗೆ ಕಫ ಕಟ್ಟಿ ಮೇಲಿನ ವಾರ್ಡಿನಲ್ಲಿದ್ದಾಳೆ, ಡಯಾಲಿಸಿಸ್ ಅಲ್ಲೇ ಮಾಡುತ್ತಿದ್ದಾರೆ ಎಂದಳು ನರ್ಸಮ್ಮ. ಆಮೇಲೆ ಕಪ್ಪು ರಟ್ಟಿನ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು.

"ಅವರಿಗೆ ಓದೋಕೆ ಉಸಿರು ಸಾಲದಂತೆ. ನೀವು ಓದಬೇಕಂತೆ."

"ನಾನಾ? ನನಗೆ ಇದರಲ್ಲಿ ನಂಬಿಕೆ ಇಲ್ಲ ಅಂತ ಅವರಿಗೆ ಗೊತ್ತಲ್ಲ."

"ಅದಕ್ಕೂ ಹೇಳಿ ಕಳ್ಸಿದ್ದಾರೆ. ನಂಬೋ ಕೆಲಸ ಅವರದ್ದಂತೆ, ಓದೋ ಕೆಲಸ ನಿಮ್ದಂತೆ."

ಮನಸ್ಸಿನಲ್ಲೇ ಓದಿ ಮುಗಿಸೋಣವೆಂದಿದ್ದೆ. ಡ್ರೈವರ್ ಬಿಡಬೇಕಲ್ಲ! "ಜೋರಾಗಿ ಓದ್ರೀ, ನನ್ನ ಮಂಡಿ ಬಂತೋ ಇಲ್ವೋ ನನಗೆ ಗೊತ್ತಾಗ್ಬೇಕು" ಎಂದ. ಯಾರೋ ಟೀವಿಯ ಸದ್ದು ಇಳಿಸಿದರು. ಓದಿದೆ. ಮಹಡಿ ಮನೆ ಕೆಮ್ಮಿನವಳು. ಹಾಲಿನವನ ಬೆನ್ನು. ಮೂವತ್ತೊಂದು ಸಾಲು. ಹದಿನೇಳರಲ್ಲಿ ಏನೂ ಇಲ್ಲದ್ದರಿಂದ ಅಲ್ಲಿ ಒಂದು ಉಸಿರು ತೆಗೆದುಕೊಂಡೆ. ಕೊನೆಯಲ್ಲಿ ಏನು ಹೇಳಬೇಕೋ ತಿಳಿಯದೆ "ಇಷ್ಟೇ" ಎಂದೆ.

ನೀರು: ೯೦೦.

ಮೇ ೨೬, ಮಂಗಳವಾರ

ಇದು ಏಳನೆಯ ಓದು. ನಂಬಿಕೆ ಏನೂ 	ಬಂದಿಲ್ಲ, ಓದುವ ಅಭ್ಯಾಸ ಬಂದಿದೆ, ಅಷ್ಟೇ. ಮೂಲೆ ಮನೆಯ ಮಗು ಮಾತಾಡಿತೋ ಇಲ್ಲವೋ ತಿಳಿಯಬೇಕೆನಿಸಿ ನಿನ್ನೆ ಅಂಗಡಿ ಮುಚ್ಚಿದ ಮೇಲೆ ಅಜ್ಜಿಯ ಬೀದಿಗೆ ಹೋಗಿ ಬಂದೆ. 'ಬೆಕ್ಕು' ಎನ್ನುತ್ತದಂತೆ. ಅಜ್ಜಿಗೆ ಹೇಳಿ ಕಳುಹಿಸಿದೆ.

ಹದಿನೇಳನೆಯ ಸಾಲು ಖಾಲಿಯಿತ್ತಲ್ಲ, ಜಾಗ ಹಾಳಾಗಬಾರದೆಂದು ಅಲ್ಲಿ 'ಲಾಂಡ್ರಿಯ ತಂಗಿ' ಎಂದು ಬರೆದೆ. ಅವಳಿಗೆ ಏನಾದರೂ ಆದರೆ? ಚೆನ್ನಾಗಿರುವವಳ ಹೊಟ್ಟೆಗೆ ಕತ್ತಿ ಹಾಕುತ್ತಾರೆ, ನನಗೋಸ್ಕರ. ಓದುವಾಗ ಆ ಸಾಲನ್ನು ಎರಡು ಸಲ ಓದಿದೆ.

ಸೀರಿಯಲ್‌ನಲ್ಲಿ ಇವತ್ತು ಏನಾಯಿತು ಗೊತ್ತೇ! ಚಿಕ್ಕಪ್ಪ ಲೋಟ ತಂದ. ಹುಡುಗಿ ಕೈ ಅಡ್ಡ ಹಿಡಿದು, "ಬೇಡ ಚಿಕ್ಕಪ್ಪ, ಇವತ್ತು ನನ್ನ ನೀರು ಆಗಿಹೋಯಿತು" ಎಂದಳು. ಬ್ಯಾಂಡೇಜ್ ಪಟ್ಟಿಯೂ ಎಡಗೈಯಲ್ಲೇ ಇತ್ತು. ಇಡೀ ವಾರ್ಡು ಚಪ್ಪಾಳೆ ತಟ್ಟಿತು, ಒಂದು ಕೈಯಲ್ಲಿ ತೊಡೆಗೆ ಬಡಿದುಕೊಂಡು. ಕಾಗದ ಮುಟ್ಟಿದೆ! ಅತ್ತೆಗೆ ಬಾಗಿಲು ತೆಗೆಯುವುದೊಂದು ಬಾಕಿ.

ಹಲ್ಲು ಕೊರೆಯದ ಕೀಲಿಗಳು ಮುಗಿದಿದ್ದವು. ವರ್ಷಕ್ಕಾಗುವಷ್ಟು ತರಿಸಲು ಹೇಳಿದೆ.

ನೀರು: ೮೫೦.

ಜೂನ್ ೧೮, ಗುರುವಾರ

ಮುಂದಿನ ಗುರುವಾರ ಆಪರೇಷನ್. ಇವತ್ತು ಡಯಾಲಿಸಿಸ್ ಮುಗಿಸಿ, ಪುಸ್ತಕ ವಾಪಸು ಕೊಡಲು ಮೇಲಿನ ವಾರ್ಡಿಗೆ ಹೋದೆ. ಅಜ್ಜಿ ದಿಂಬಿಗೆ ಒರಗಿ ಕೂತಿದ್ದಳು. ಬಡವಾಗಿದ್ದಾಳೆ, ಮೂಗಿಗೆ ಆಮ್ಲಜನಕದ ಕೊಳವೆ, ಕಣ್ಣು ಮಾತ್ರ ಹಳೆಯದೇ.

"ಒಂದು ದಿನಾನೂ ತಪ್ಪಿಸಿಲ್ಲ" ಎಂದೆ, ಶಾಲೆಯ ಹುಡುಗನ ಹಾಗೆ.

ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. ಹದಿನೇಳಕ್ಕೆ ನಿಂತಳು.

"ಇದ್ಯಾರ ಅಕ್ಷರ?"

"ನಂದೇ ಅಜ್ಜಿ. ನನ್ನ ತಂಗಿ. ನೀವು ಸಾಲು ಹಾರಿಸಿದ್ರಿ, ಖಾಲಿ ಇತ್ತು, ಅದಕ್ಕೆ..."

"ನಾನ್ಯಾಕಪ್ಪಾ ಸಾಲು ಹಾರಿಸ್ಲಿ?" ಉಸಿರು ತೆಗೆದುಕೊಳ್ಳಲು ಸ್ವಲ್ಪ ನಿಂತಳು. "ಅವತ್ತು ಡ್ರೈವರನ್ನ ಬರೆದೆ. ಆಮೇಲೆ ನಿನ್ನ ಕೇಳಿದೆ. ನೀನು ಬೇಡ ಅಂದೆ. ಬೇಡ ಅಂದೋರನ್ನ ನಾನು ಬರೆಯಲ್ಲ. ಆದ್ರೆ ಜಾಗ ಬಿಡಬಾರದು ಅಂತ ಎಲ್ಲಾದ್ರೂ ಇದೆಯಾ? ದಿನಾ ಅಲ್ಲಿಗೆ ಬಂದಾಗ ಸುಮ್ನೆ ಒಂದು ಉಸಿರು ಹೊತ್ತು ಕಾಯ್ತಿದ್ದೆ."

ಒಂದು ಉಸಿರು. ಮೊದಲ ಎರಡು ವಾರ ನಾನೂ ಹಾಗೆಯೇ ಓದಿದ್ದೆ, ಯಾರಿಗೋಸ್ಕರ ಎಂದು ತಿಳಿಯದೆ. ಮಂಚದ ತುದಿಯಲ್ಲಿ ಕೂತುಬಿಟ್ಟೆ. ಐವತ್ತೆರಡು ವರ್ಷದವನು, ನಾಲ್ಕು ಜನರ ಎದುರು ಅತ್ತೆ. ನಾಚಿಕೆಯಾಗಲಿಲ್ಲ.

"ತಂಗಿಗೆ ಕೊಟ್ಟಿದ್ದು ಒಳ್ಳೇದೇ ಆಯ್ತು ಬಿಡು" ಎಂದಳು ಅಜ್ಜಿ.

"ಅಜ್ಜಿ, ಅದೇ ಸಾಲಲ್ಲಿ ಇನ್ನೊಬ್ಬರು ಹಿಡೀತಾರಾ?"

ಅವಳು ನಕ್ಕು ಪೆನ್ನು ಕೊಟ್ಟಳು. "ಸಣ್ಣಕ್ಕೆ ಬರಿ."

'ಲಾಂಡ್ರಿಯ ತಂಗಿ' ಎಂದಿದ್ದ ಕಡೆ, ಅಂಚಿಗೆ ಒತ್ತಿ, ಸಣ್ಣಕ್ಷರದಲ್ಲಿ ಸೇರಿಸಿದೆ: 'ಮತ್ತು ಅವಳ ಅಣ್ಣ'.

ಜುಲೈ ೧, ಬುಧವಾರ

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದೆ. ಆರು ದಿನವಾಯಿತು. ಹೊಸ ಕಿಡ್ನಿ ಮೊದಲ ದಿನದಿಂದಲೇ ಕೆಲಸಕ್ಕೆ ಇಳಿದಿದೆ, ನಮ್ಮ ಮನೆತನದ ಚುರುಕು ಅದಕ್ಕೂ ಇದೆ ಎಂದೆ ಡಾಕ್ಟರಿಗೆ. ನರ್ಸಮ್ಮ ಮಾಸ್ಕ್ ಹಾಕಿಕೊಂಡು ಇಣುಕಿ ಹೋದಳು. ಅಜ್ಜಿ ಕೆಳಗಿನ ವಾರ್ಡಿಗೆ ವಾಪಸು ಬಂದಿದ್ದಾಳಂತೆ, ಉಸಿರು ಇನ್ನೂ ಸಾಲದ್ದಕ್ಕೆ ಪಟ್ಟಿ ಓದುವುದು ಡ್ರೈವರ್ ಅಂತೆ. ಬ್ರೇಕ್ ಹಾಕದೆ ಓದುತ್ತಾನೆ, ಹದಿನೇಳರಲ್ಲಿ ಮಾತ್ರ ನಿಲ್ಲಿಸುತ್ತಾನೆ ಎಂದಳು.

ಮಧ್ಯಾಹ್ನ ತಂಗಿ ಬಂದಳು, ಪಕ್ಕೆ ಹಿಡಿದುಕೊಂಡು, ಗೋಡೆ ಸವರಿಕೊಂಡು. ಇವತ್ತು ಅವಳನ್ನು ಮನೆಗೆ ಕಳುಹಿಸುತ್ತಾರೆ. ನೋವಾ ಎಂದೆ. "ನಕ್ಕರೆ ನೋವು, ನಗಿಸ್ಬೇಡ" ಎಂದಳು. ಬೆಕ್ಕು ಅತ್ತಿಗೆಯನ್ನು ಹಚ್ಚಿಕೊಂಡಿದೆಯಂತೆ.

ಡಾಕ್ಟರು ಬಂದು ಚೀಟಿ ನೋಡಿ, ನೀರು ಸಾಲದು, ದಿನಕ್ಕೆ ಮೂರು ಲೀಟರ್ ಕುಡಿಯಲೇಬೇಕು ಎಂದು ಗದರಿಸಿ ಹೋದರು. ನನಗೆ ನಂಬಿಕೆಯೇ ಬರಲಿಲ್ಲ. ತಂಗಿ ಜಗ್ಗಿನಿಂದ ಲೋಟ ತುಂಬಿದಳು, ಅಂಚಿನವರೆಗೂ. ಅಭ್ಯಾಸದಂತೆ ಎರಡು ಗುಟುಕು ಕುಡಿದು ಕೆಳಗಿಟ್ಟೆ.

"ಪೂರ್ತಿ ಕುಡಿ, ಅಣ್ಣ."

ಪೂರ್ತಿ ಕುಡಿದೆ. ಇನ್ನೊಂದು ಲೋಟ ಕೇಳಿದೆ.

ನೀರು: ೩೦೦೦.